ನಾಯಿ ಅಡ್ವಾನ್ಸು

ಮೂಡಿಗೆರೆಯಲ್ಲಿ ನನ್ನದೂ ಒಂದು ಬಾಡಿಗೆ ಮನೆ ಇದೆ ಎಂದು ಹೇಳುವಾಗ ನನ್ನ ದನಿ ತುಸು ಏರುತ್ತದೆ ಎಂದು ನಮ್ಮ ಯಜಮಾನರು ಕೆಣಕುತ್ತಾರೆ. ಏರಲಿ ಬಿಡಿ. ಅವರು ಜೀವಮಾನವಿಡೀ ಒಂದೇ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಗೊಬ್ಬರದ ಚೀಲ, ಕತ್ತಿ ಗುದ್ದಲಿಗಳ ಉಸ್ತುವಾರಿ ಎಂದು ಸಾಹುಕಾರರ ಆಸ್ತಿಯನ್ನೇ ಕಾಯ್ದುಕೊಂಡು ತಲೆ ಬೆಳ್ಳಗೆ ಮಾಡಿಕೊಂಡರು. ನಾನು ಮದುವೆಯಾಗಿ ಬಂದಾಗಿನಿಂದ ಎಸ್ಟೇಟಿನ ಕ್ವಾರ್ಟರ್ಸಿನಲ್ಲೇ ಇದ್ದೆ. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಮ್ಯಾನೇಜರ ಮುಖ ನೋಡಬೇಕಿತ್ತು. ಅಂಥವಳು ಪೇಟೆಯ ಅಂಚಿನಲ್ಲಿ ಸ್ವಂತ ಮನೆ ಕಟ್ಟಿಸಿ, ಅದರ ಹಿಂದೆ ಇನ್ನೊಂದು ಪುಟ್ಟ ಮನೆಯನ್ನೂ ಎಬ್ಬಿಸಿ, 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡನ್ನು ಕೈಯಾರೆ ಗೇಟಿಗೆ ಕಟ್ಟಿದ ಮೇಲೆ ದನಿ ಏರದೆ ಇರುತ್ತದೆಯೆ?

ಬಾಡಿಗೆಗೆ ಬರುವವರ ಎದುರು ಎಲ್ಲ ಓನರುಗಳೂ ಒಳ್ಳೆಯವರೇ. ಅವರು ಮನೆ ಬಿಟ್ಟು ಹೋಗುವಾಗ ಓನರಿನ ನಿಜವಾದ ಬಣ್ಣ ಕಾಣುತ್ತದೆ. 'ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ' ಎಂಬ ಗಾದೆ ಅಡ್ವಾನ್ಸ್ ಹಣವನ್ನು ನೋಡಿಯೇ ಹುಟ್ಟಿರಬೇಕು. ಸುಣ್ಣಕ್ಕೆ ಅಷ್ಟು, ನಲ್ಲಿಗೆ ಇಷ್ಟು, ಮೊಳೆ ಹೊಡೆದ ತೂತಿಗೆ ಇನ್ನಷ್ಟು ಎಂದು ಮುರಿದುಕೊಂಡು, ಕೊನೆಗೆ ಬಸ್ ಚಾರ್ಜಿಗಾಗುವಷ್ಟನ್ನು ಕೈಗಿಡುವ ಪುಣ್ಯಾತ್ಮರು ನಮ್ಮ ಬೀದಿಯಲ್ಲೇ ಇದ್ದಾರೆ. ನಾನು ಆ ಜಾತಿಯವಳಲ್ಲ. ನಮ್ಮ ಮನೆ ಬಿಟ್ಟು ಹೋದವರು ಇವತ್ತಿಗೂ ಸಂತೆಗೆ ಬಂದರೆ ಒಳಗೆ ಬಂದು ಕಾಫಿ ಕುಡಿದು ಹೋಗುತ್ತಾರೆ.

ಒಬ್ಬರನ್ನು ಬಿಟ್ಟು. ಅವರೊಬ್ಬರು ಫೈನಾನ್ಸ್ ಆಫೀಸಿನ ಮ್ಯಾನೇಜರು. ಕರುವಿನಷ್ಟು ದೊಡ್ಡ ನಾಯಿ ಸಾಕಿದ್ದರು. ಅಂಗಳದಲ್ಲಿ ಒಣಹಾಕಿದ್ದ ನಮ್ಮ ಒಂದು ಹಿಡಿ ಕಾಫಿಯ ಮೇಲೆ ಅದು ದಿನವೂ ಹೊರಳುತ್ತಿತ್ತು. ಕಿಟಕಿಯ ಚೌಕಟ್ಟನ್ನು ಕಬ್ಬಿನ ಹಾಗೆ ಜಗಿದು ಹಾಕಿತ್ತು. ಮನೆ ಬಿಡುವಾಗ ಕೇಳಿದರೆ ಆ ಮಹಾಶಯರು, "ಅದು ಗೆದ್ದಲು ಕಣಮ್ಮ" ಎಂದರು. ಅಂದೇ ನಾನು ಹೊಸ ಕಾನೂನು ಮಾಡಿದೆ. ಇನ್ನು ಮುಂದೆ ನಾಯಿ ತರುವವರು ಮನೆಯ ಅಡ್ವಾನ್ಸಿನ ಜೊತೆಗೆ ನಾಯಿ ಅಡ್ವಾನ್ಸನ್ನೂ ಬೇರೆಯಾಗಿ ಕೊಡಬೇಕು. ನಾಯಿ ಏನೂ ಹಾಳುಮಾಡದಿದ್ದರೆ ಹೋಗುವಾಗ ಅದು ಪೂರ್ತಿ ವಾಪಸ್ಸು. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೆ ಮಾರಾಯ್ತಿ" ಎಂದು ಯಜಮಾನರು ನಕ್ಕರು. ಬೀದಿಯವರೂ ನಕ್ಕರು. ಆಮೇಲೆ ಅವರಲ್ಲೇ ಇಬ್ಬರು ತಮ್ಮ ಮನೆಗೂ ಅದೇ ಕಾನೂನು ತಂದರು.

ಆ ಕಾನೂನಿಗೆ ಮೊದಲು ಸಿಕ್ಕಿದವರು ಒಬ್ಬ ಲಾರಿ ಡ್ರೈವರ್ ಮತ್ತು ಅವನ ಹೆಂಡತಿ. ಅವನು ಎಸ್ಟೇಟುಗಳಿಂದ ಕಾಫಿ ಮೂಟೆ ಹೇರಿಕೊಂಡು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸುಗಳಿಗೆ ಸಾಗಿಸುವವನು. ಅವಳು ಮನೆಯಲ್ಲೇ ರವಿಕೆ ಹೊಲಿಯುವವಳು, ತವರು ಮಲ್ಲಂದೂರು. ಇವರಿಬ್ಬರ ಹಿಂದೆ, ಗೇಟಿನ ಹೊರಗೆ, ಕಂದು ಬಣ್ಣದ ಒಂದು ನಾಡುನಾಯಿ ಕೂತಿತ್ತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು, ಯಾವ ಮನೆತನದ್ದೆಂದು ಹೇಳಲಾಗದ ನಾಯಿ.

"ಇವಳಿಗೆ ಕಿವಿ ಕೇಳಲ್ಲ ಅಮ್ಮ" ಎಂದ ಡ್ರೈವರ್, ಹೆಂಡತಿಯ ಕಡೆ ಕೈ ತೋರಿಸಿ. "ಸಣ್ಣವಳಿದ್ದಾಗ ಜ್ವರ ಬಂದು ಹೋಯ್ತಂತೆ. ಮಾತು ಬರ್ತದೆ, ನೀವು ಎದುರು ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಳ್ತಾಳೆ. ನಾನು ಲೋಡ್ ತಗೊಂಡು ಹೋದ್ರೆ ಯಾವಾಗ ಬರ್ತೀನೋ ಗೊತ್ತಿಲ್ಲ. ಯಾರಾದ್ರೂ ಬಾಗ್ಲು ಬಡಿದ್ರೆ ಇವಳಿಗೆ ಹೇಳೂದು ಈ ನಾಯೀನೇ."

ಅದು ಹೇಗೆ ಹೇಳುತ್ತದೆ ಎಂದು ಕೇಳಿದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದವಳು, "ಮಂಡಿಗೆ ಮೂಗು ಮುಟ್ಟಿಸ್ತದೆ ಅಮ್ಮ. ಆಮೇಲೆ ಮುಂದೆ ಹೋಗ್ತದೆ, ನಾನು ಹಿಂದೆ ಹೋಗ್ತೀನಿ" ಎಂದಳು. ಏರಿಳಿತವಿಲ್ಲದ ದನಿ, ಆದರೆ ಒಂದು ಅಕ್ಷರವೂ ನುಂಗದ ಮಾತು. ಯಾರು ಕಲಿಸಿದ್ದು ಎಂದು ಕೇಳಿದ್ದಕ್ಕೆ, "ನಾನೇ" ಎಂದಳು. ಹಾಗೆನ್ನುವಾಗ ಅವಳ ಕತ್ತು ನೆಟ್ಟಗಾದದ್ದು ನನಗೆ ಬಹಳ ಹಿಡಿಸಿತು. ಆದರೂ ಕಾನೂನು ಕಾನೂನೇ. ಅವರು ಮರುಮಾತಿಲ್ಲದೆ ನಾಯಿ ಅಡ್ವಾನ್ಸನ್ನೂ ಕೊಟ್ಟು ಒಳಗೆ ಬಂದರು.

ಆರು ತಿಂಗಳಾಗುವಷ್ಟರಲ್ಲಿ ಅವಳು ಬಸುರಿಯಾದಳು. ಒಂದು ಮಧ್ಯಾಹ್ನ ಹಿತ್ತಲಿನ ಕಲ್ಲಿನ ಮೇಲೆ ನನ್ನೆದುರು ಕೂತು, "ಮಗು ಅತ್ರೆ ನನಗೆ ಗೊತ್ತಾಗ್ಬೇಕಲ್ಲ ಅಮ್ಮ, ಇದಕ್ಕೆ ಈಗಲೇ ಕಲಿಸ್ಬೇಕು" ಎಂದಳು. ಸರಿ, ಆ ದಿನದಿಂದ ನಾನೂ ನಾಯಿ ಇಸ್ಕೂಲಿನ ಮೇಷ್ಟ್ರಾದೆ. ನನ್ನ ತಂಗಿಯ ಮೊಮ್ಮಗು ಅಳುವುದನ್ನು ನನ್ನ ಮೊಬೈಲಿನಲ್ಲಿ ಹಿಡಿದು ತಂದೆ. ನಾನು ಅವರ ಮಲಗುವ ಕೋಣೆಯಲ್ಲಿ ಕೂತು ಅದನ್ನು ಹಚ್ಚುವುದು, ನಾಯಿ ಹೋಗಿ ಹೊರಗೆ ಹೊಲಿಯುತ್ತ ಕೂತವಳ ಮಂಡಿ ಮುಟ್ಟುವುದು, ಅವಳು ಅದಕ್ಕೆ ಕಡುಬಿನ ತುಂಡು ಕೊಡುವುದು. ಮೊದಮೊದಲು ಅದು ಮಂಚದ ಕೆಳಗೆಲ್ಲ ಮಗುವನ್ನು ಹುಡುಕಿ, ಇಲ್ಲದ ಮಗುವನ್ನು ಅಳಿಸುತ್ತಿರುವ ನನ್ನನ್ನೇ ಸಂಶಯದಿಂದ ನೋಡುತ್ತಿತ್ತು. ಆಮೇಲೆ ಪಾಠ ಕೂತಿತು.

ಬೀದಿಗೆ ಮಾತ್ರ ದಿನವೂ ಮಗುವಿನ ಅಳು ಕೇಳುತ್ತಿತ್ತು. ಎದುರು ಮನೆಯಾಕೆ ಒಂದು ಬೆಳಿಗ್ಗೆ ಬಾಣಂತಿಗೆಂದು ಪಾತ್ರೆ ತುಂಬ ಮೆಣಸಿನ ಸಾರು ಮಾಡಿಕೊಂಡು ಬಂದರು. ಅದನ್ನು ಗೇಟಿನಲ್ಲಿ ನಿಂತು ಇಸಿದುಕೊಂಡವಳು ಹೊಟ್ಟೆ ಹೊತ್ತ ಬಸುರಿಯೇ. ಎದುರು ಮನೆಯಾಕೆ ಪಾತ್ರೆಯನ್ನೂ ಅವಳ ಹೊಟ್ಟೆಯನ್ನೂ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿದರು. ಸಾರು ಚೆನ್ನಾಗಿತ್ತು.

ಹೆರಿಗೆಗೆ ತವರಿಗೆ ಹೋದವಳು ಗಂಡುಮಗುವನ್ನು ಎತ್ತಿಕೊಂಡು ಬಂದ ಮೇಲೆ ನಾನು ಕಂಡದ್ದನ್ನು ಇವತ್ತೂ ಹೆಮ್ಮೆಯಿಂದ ಹೇಳುತ್ತೇನೆ. ಅವಳು ನಡುಮನೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೊಲಿಯುತ್ತಿದ್ದಳು. ಕೋಣೆಯಲ್ಲಿ ತೊಟ್ಟಿಲ ಕೆಳಗೆ ನಾಯಿ. ನಾನು ಬಾಗಿಲಲ್ಲಿ ನಿಂತಿದ್ದೆ. ಮಗು ಸಣ್ಣಗೆ ಕುಂಯ್ ಎಂದಿತು. ನಾಯಿ ಎದ್ದು ಬಂತು, ಮಂಡಿಗೆ ಮೂಗು ತಾಗಿಸಿತು, ತಿರುಗಿ ಹೋಯಿತು. ಅವಳು ಹೊಲಿಗೆಯಿಂದ ಕಣ್ಣು ಎತ್ತುವ ಮೊದಲೇ ಎದ್ದು ನಿಂತಿದ್ದಳು. ಮಗು ದೊಡ್ಡ ದನಿ ತೆಗೆಯುವ ಹೊತ್ತಿಗೆ ತಾಯಿಯ ತೋಳಿನಲ್ಲಿತ್ತು. ಎರಡು ಕಿವಿಯೂ ಚುರುಕಾಗಿದ್ದ ನಾನು ನನ್ನ ಮಕ್ಕಳನ್ನು ಇಷ್ಟು ಬೇಗ ಎತ್ತಿಕೊಂಡದ್ದಿಲ್ಲ. ಇದು ನಾನು ಪಾಠ ಹೇಳಿದ ನಾಯಿ ಎಂದು ಬಸ್ ಸ್ಟ್ಯಾಂಡಿನವರೆಗೆ ಸಾರಿಕೊಂಡು ಬಂದೆ. ಮುಕ್ಕಾಲು ಪಾಲು ಪಾಠ ಅವಳದೇ. ಆದರೆ ಕಾಲು ಪಾಲಿನ ಹೆಮ್ಮೆಯನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ಎರಡು ಮಳೆಗಾಲ ಅವರು ನಮ್ಮಲ್ಲಿದ್ದರು. ಹೋದ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಲಾರಿಯ ಮಾಲೀಕರು ಡ್ರೈವರನಿಗೆ ಇನ್ನು ಚಿಕ್ಕಮಗಳೂರಿನಲ್ಲೇ ಇರಬೇಕೆಂದರು. ಅವರು ಸಾಮಾನುಗಳನ್ನೆಲ್ಲ ಪಿಕಪ್ಪಿಗೆ ಹೇರಿಕೊಂಡು ಹೋಗಿ ಸದ್ಯಕ್ಕೆ ಮಲ್ಲಂದೂರಿನ ಅವಳ ತವರಿನಲ್ಲಿ ಇಳಿಸಿದರು. ಮಾರನೆಯ ವಾರ ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು, ನಾಯಿಯನ್ನೂ ಕರೆದುಕೊಂಡು, ಗುರುತಿನವರ ಜೀಪಿನಲ್ಲಿ ಬೀಗದ ಕೈ ಕೊಡಲು ಬಂದಳು. ಗಂಡ ಲೋಡ್ ಮೇಲೆ ಹೋಗಿದ್ದ.

ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಅವಳ ಮುಖ ಸರಿಯಿರಲಿಲ್ಲ. ಕೇಳಿದ್ದಕ್ಕೆ ಹೇಳಿದಳು. ಚಿಕ್ಕಮಗಳೂರಿನಲ್ಲಿ ಒಂದು ಮನೆ ನೋಡಿದ್ದಾರೆ. ಮನೆ ಹುಡುಕಿ ಅಲೆದೂ ಅಲೆದೂ ಸಾಕಾಗಿ, ನಾಯಿ ಎಂದೊಡನೆ ಬಾಗಿಲು ಹಾಕದ ಓನರ್ ಇವರೊಬ್ಬರೇ ಸಿಕ್ಕಿದ್ದು. ಅವರೂ ಒಂದು ಷರತ್ತು ಹಾಕಿದ್ದಾರೆ.

"ಹಳೇ ಓನರ್ ಹತ್ರ ಫೋನಲ್ಲಿ ಕೇಳ್ತಾರಂತೆ ಅಮ್ಮ. ನಾಯಿಯಿಂದ ಅಂತ ನೀವು ಏನಾದ್ರೂ ಮುರ್ಕೊಂಡಿದ್ರೆ ಮನೆ ಇಲ್ಲ ಅಂದಿದಾರೆ. ಇವತ್ತು ಮಧ್ಯಾಹ್ನ ಮಾಡ್ತಾರೆ."

"ಇಲ್ಲ ಅಂದ್ರೆ?" ಎಂದು ಕೇಳಿದೆ.

"ನಾಯಿ ಬಿಟ್ಟು ಹೋಗ್ಬೇಕು. ನಾಯಿ ಇಲ್ದೆ ನಾನು ಮಗೂನ ಇಟ್ಕೊಂಡು ಒಬ್ಬಳೇ ಹೆಂಗಿರ್ಲಿ? ಅವ್ವನ ಮನೇಲೇ ಉಳೀಬೇಕು. ನಮ್ಮೋರು ಚಿಕ್ಕಮಗಳೂರಲ್ಲಿ, ನಾನು ಮಲ್ಲಂದೂರಲ್ಲಿ."

"ನಮ್ಮಲ್ಲಿ ಮುರ್ಕೊಳ್ಳೂದು ಎಂತ ಇದೆ, ನೀನು ಕಾಫಿ ಕುಡಿ" ಎಂದೆ. ಹಾಗೆಂದು ಮನೆ ನೋಡಲು ಹೊರಟೆವು. ಯಜಮಾನರು ಟಾರ್ಚ್ ಹಿಡಿದು ಮುಂದೆ ನಡೆದರು. ಯಾವ ಬಾಡಿಗೆದಾರ ಹೋದರೂ ಅವರ ಈ ತಪಾಸಣೆ ತಪ್ಪುವುದಿಲ್ಲ. ಅಡಿಗೆಮನೆ ಕನ್ನಡಿಯ ಹಾಗಿತ್ತು. ಕಿಟಕಿಗಳೆಲ್ಲ ಸರಿಯಿದ್ದವು. ಮಲಗುವ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ ಅದರ ಒಳಮೈಗೆ ಬೆಳಕು ಬಿಟ್ಟವರು ಹಾಗೆಯೇ ನಿಂತರು.

ಹಲಸಿನ ಹಲಗೆಯ ಬಾಗಿಲು ಅದು. ಅದರ ಕೆಳಗಿನ ಅರ್ಧದ ತುಂಬ ಗೀರು. ಒಂದರ ಮೇಲೊಂದು ಬಿದ್ದು ಪಾಲಿಶ್ ಎದ್ದುಹೋಗಿ, ಚಿಲಕದ ಕಡೆಯ ಮೂಲೆಯಲ್ಲಿ ಮರವೇ ಬೆಳ್ಳಗೆ ತಗ್ಗಾಗಿತ್ತು.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಬಾಗಿಲಿಗಾಗಿ ಅಲ್ಲ. ಅವಳು ಆ ನಾಯಿಯನ್ನು ಒಳಗೆ ಕೂಡಿಹಾಕುತ್ತಿದ್ದಳು ಎಂದುಕೊಂಡೆ. ಅವಳ ಎದುರು ನಿಂತು, ಅದನ್ನೇ ನೇರವಾಗಿ ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಎಂತಕ್ಕೆ ಗೀರ್ಬೇಕು ಅದು?" ಎಂದು ಯಜಮಾನರು ಕಿರುಬೆರಳಿನಿಂದ ಬಾಗಿಲನ್ನು ತಳ್ಳಿದರು. ಕೋಣೆ ಚಿಕ್ಕದೆಂದು ಹೊರಕ್ಕೆ ತೆರೆಯುವಂತೆ ಕೂರಿಸಿದ ಬಾಗಿಲು. ಸಲೀಸಾಗಿ ತೆರೆದುಕೊಂಡಿತು. "ಬೆರಳು ತಾಗಿಸಿದ್ರೆ ತೆಗೀತದಲ್ಲ."

ಅವಳು ಬಾಗಿಲನ್ನು ಪುನಃ ಮುಚ್ಚಿ, ಎರಡು ಅಂಗೈಯನ್ನೂ ಗೀರಿನ ಮೇಲೆ ಊರಿ, ಮೈಭಾರ ಹಾಕಿ ತಳ್ಳುವಂತೆ ತೋರಿಸಿದಳು. "ಈಗ ತೆಗೀತದೆ ರೈಟ್ರೇ. ಮಳೇಲಿ ತೆಗಿಯಲ್ಲ. ಮಗೂಗೆ ಥಂಡಿ ಗಾಳಿ ಅಂತ ನಾನು ಬಾಗ್ಲು ಮುಂದೆ ಮಾಡ್ತಿದ್ದೆ, ಅದು ಹಂಗೇ ಬಿಗೀತಿತ್ತು. ಮಗು ಅತ್ರೆ ಇದು ಹಿಂಗೆ ತಳ್ಳಿ ತಳ್ಳಿ ತೆಗ್ದು ಬರ್ತಿತ್ತು."

ನಾವು ಗಂಡಹೆಂಡತಿ ಮುಖ ಮುಖ ನೋಡಿಕೊಂಡೆವು. ಮಲೆನಾಡಿನಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿದರೆ ಮರ ನೀರು ಕುಡಿದು ಉಬ್ಬುತ್ತದೆ, ಬಾಗಿಲು ಚೌಕಟ್ಟನ್ನು ಕಚ್ಚಿಕೊಳ್ಳುತ್ತದೆ. ಆಗ ಬಡಗಿಯನ್ನು ಕರೆದರೆ ಹಸಿ ಮರ ಕೀಸಬಾರದು, ಮಳೆ ನಿಲ್ಲಲಿ ಎನ್ನುತ್ತಾನೆ. ಮಳೆ ನಿಂತ ಮೇಲೆ ಮರ ಒಣಗಿ ಬಾಗಿಲು ತಾನಾಗಿ ಸಡಿಲವಾಗುತ್ತದೆ. ಸಡಿಲವಾದ ಬಾಗಿಲನ್ನು ಯಾರು ಕೀಸಿಸುತ್ತಾರೆ? ಅವಳು ಮೊದಲ ಮಳೆಗಾಲದಲ್ಲೇ ಬಾಗಿಲು ಬಿಗಿ ಎಂದು ಹೇಳಿದ್ದಳು. ಯಜಮಾನರು "ಮಳೆ ನಿಲ್ಲಲಿ, ಕೀಸಿಸುವ" ಎಂದಿದ್ದರು. ಅದೇ ಮಾತನ್ನು ಎರಡನೆಯ ಮಳೆಗಾಲದಲ್ಲೂ ಅಷ್ಟೇ ಭರವಸೆಯಿಂದ ಹೇಳಿದ್ದರು.

ಆದರೂ ನಮ್ಮವರು ಒಪ್ಪುವ ಪೈಕಿಯೆ? "ಕಾರಣ ಎಂತದೇ ಇರ್ಲಿ, ಗೀರಿದ್ದು ನಾಯಿ ಅಲ್ದಾ? ನಾಯಿ ಅಡ್ವಾನ್ಸು ಅಂತ ಇಟ್ಟಿದ್ದೇ ನೀನು" ಎಂದರು. "ಪೂರ್ತಿ ಕೊಟ್ಟು, ಆ ಮನುಷ್ಯ ಕೇಳಿದ್ರೆ ಎಂತ ಹೇಳ್ತೀಯ? ಹಾಳಾಗ್ಲಿಲ್ಲ ಅಂತ ಸುಳ್ಳು ಹೇಳ್ತೀಯನಾ?"

ಸುಳ್ಳು ನನ್ನಿಂದಾಗದು, ಅದು ಅವರಿಗೂ ಗೊತ್ತು. ಅವಳು ನನ್ನ ತುಟಿಯಿಂದ ಅವರ ತುಟಿಗೆ, ಅವರ ತುಟಿಯಿಂದ ನನ್ನ ತುಟಿಗೆ ನೋಡುತ್ತಿದ್ದಳು. ಮಗು ಅವಳ ಸರ ಹಿಡಿದು ಎಳೆಯುತ್ತಿತ್ತು. ಆಗ ನನ್ನ ಬಾಯಿಗೆ ಆ ಪ್ರಶ್ನೆ ಹೇಗೆ ಬಂತೋ, ದೇವರೇ ಬಲ್ಲ.

"ಎಸ್ಟೇಟಲ್ಲಿ ಆಳು ಕತ್ತಿ ಸವೆಸಿಕೊಂಡು ಬಂದ್ರೆ ನೀವು ಸಂಬಳದಲ್ಲಿ ಹಿಡೀತಿದ್ರಾ?"

"ಸವೆದದ್ದಕ್ಕೆ ಎಂತಕ್ಕೆ ಹಿಡಿಯೂದು? ಕಳ್ಕೊಂಡ್ರೆ ಹಿಡಿಯೂದು" ಎಂದರು ಥಟ್ಟನೆ. ಎಸ್ಟೇಟಿನ ಮಾತೆಂದರೆ ಅವರಿಗೆ ಹಾಗೆಯೇ, ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. "ಕತ್ತಿ ಸವೀದೆ ಹಂಗೇ ವಾಪಸ್ ಬಂದ್ರೆ ಅವನು ಕೆಲ್ಸ ಮಾಡ್ಲಿಲ್ಲ ಅಂತ ಲೆಕ್ಕ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವರಿಗೇ ಕೇಳಿಸಿತು. ಗೆದ್ದಾಗ ಸುಮ್ಮನಿರುವುದು ನನಗೆ ಕಷ್ಟ, ಆದರೂ ಸುಮ್ಮನಿದ್ದೆ. ಅವರು ಟಾರ್ಚ್ ಆರಿಸಿ, ಬಗ್ಗಿ, ಬೆಳ್ಳಗಾಗಿದ್ದ ಆ ತಗ್ಗಿನ ಮೇಲೆ ಕೈಯಾಡಿಸಿದರು. ಹೊಸ್ತಿಲಲ್ಲಿ ಕೂತಿದ್ದ ನಾಯಿಯನ್ನು ಒಮ್ಮೆ ನೋಡಿದರು. ಸಂಜೆ ಹೊತ್ತು ಸ್ಟೋರಿನಲ್ಲಿ ಕತ್ತಿ ವಾಪಸ್ ತೆಗೆದುಕೊಳ್ಳುವಾಗ ಒಳ್ಳೆಯ ಆಳಿನ ಮುಖವನ್ನು ಅವರು ಹೀಗೆಯೇ ನೋಡುತ್ತಿದ್ದರು. ಆಮೇಲೆ ನಮ್ಮ ಮನೆಗೆ ಹೋಗಿ, ಎರಡೂ ಅಡ್ವಾನ್ಸನ್ನು ತಂದು, ಪೂರ್ತಿಯಾಗಿ ಅವಳ ಕೈಗೆ ಕೊಟ್ಟರು.

ಫೋನು ಬಂದಾಗ ಅವಳು ಇನ್ನೂ ನಮ್ಮ ಜಗಲಿಯಲ್ಲೇ ಇದ್ದಳು. ನಾನು ಸ್ಪೀಕರಿಗೆ ಹಾಕಿದೆ. ಹಾಕಿದ್ದು ಯಜಮಾನರಿಗೆ ಕೇಳಲೆಂದು. ಅವಳಿಗೆ ನನ್ನ ಮುಖವೊಂದೇ ಗತಿ. ಯಾರ ಬಗ್ಗೆ ಮಾತು ನಡೆದಿತ್ತೋ ಅವಳಿಗೊಬ್ಬಳಿಗೇ ಅದು ಕೇಳುತ್ತಿರಲಿಲ್ಲ.

ಹೊಸ ಓನರ್ ರಿಟೈರ್ ಆದ ಅಧಿಕಾರಿಯಂತೆ, ಗಂಟಲು ಹಾಗೆಯೇ ಇತ್ತು. "ನಾಯಿಯಿಂದ ಡ್ಯಾಮೇಜ್ ಏನಾದ್ರೂ ಇತ್ತೇನಮ್ಮ?" ಎಂದು ಕೇಳಿದರು.

"ಒಂದು ಬಾಗ್ಲು ಗೀರಿದೆ ಸಾರ್" ಎಂದೆ.

"ಎಷ್ಟು ಮುರ್ಕೊಂಡ್ರಿ?"

"ಒಂದು ಪೈಸಾನೂ ಇಲ್ಲ."

"ಬಾಗಿಲು ಹಾಳಾಗಿದೆ ಅಂತೀರಿ, ದುಡ್ಡೂ ಹಿಡಿದಿಲ್ಲ ಅಂತೀರಿ. ಅವರು ನಿಮಗೆ ಸಂಬಂಧನಾ?" ಎಂದರು. ನನಗೆ ಮೈ ಉರಿಯಿತು. ಇನ್ನೊಂದು ಕ್ಷಣವಾಗಿದ್ದರೆ ನನ್ನ ಬಾಯಿಯೇ ಅವಳ ಮನೆ ಕಳೆಯುತ್ತಿತ್ತು. ಅಷ್ಟರಲ್ಲಿ ಯಜಮಾನರು ಕೈ ಚಾಚಿ ಫೋನು ತೆಗೆದುಕೊಂಡರು.

"ಸಾರ್, ನಾನು ಎಸ್ಟೇಟ್ ರೈಟರ್ ಆಗಿದ್ದವ" ಎಂದು ಶುರು ಮಾಡಿದರು. ಮದುವೆಮನೆಯಲ್ಲೂ ನಾಲ್ಕು ಮಾತು ಆಡದ ಮನುಷ್ಯ ಅವರು. ಬಾಗಿಲು ಮಳೆಗೆ ಬಿಗಿದದ್ದು, ತಾವು ಕೀಸಿಸದೆ ಉಳಿಸಿದ್ದು, ಒಳಗೆ ಮಗು ಅತ್ತಾಗಲೆಲ್ಲ ನಾಯಿ ಅದನ್ನು ತಳ್ಳಿ ತೆರೆದು ಬಂದು ತಾಯಿಯನ್ನು ಕರೆದದ್ದು, ಒಂದನ್ನೂ ಬಿಡದೆ, ಒಂದನ್ನೂ ಹೆಚ್ಚಿಸದೆ ಹೇಳಿದರು. "ಹಾಳು ಮಾಡಿದ್ದಲ್ಲ ಸಾರ್ ಅದು, ಕೆಲ್ಸ ಮಾಡಿದ್ದು. ಕೆಲ್ಸದಲ್ಲಿ ಸವೆದದ್ದಕ್ಕೆ ನಾನು ಯಾವತ್ತೂ ಯಾರ ಹತ್ರಾನೂ ಹಿಡಿದವನಲ್ಲ."

"ಇಂಥ ನಾಯಿಗಳಿಗೆ ಟ್ರೇನಿಂಗ್ ಸರ್ಟಿಫಿಕೇಟ್ ಇರುತ್ತಂತಲ್ಲ?" ಎಂದರು ಆ ಕಡೆಯವರು.

"ಇದಕ್ಕೆ ಕಾಗದ ಇಲ್ಲ ಸಾರ್. ಕಲಿಸಿದವಳು ಇಲ್ಲೇ ಕೂತಿದಾಳೆ. ನನ್ನ ಹೆಂಡ್ತೀನೂ ಸ್ವಲ್ಪ ಕಲಿಸಿದಾಳೆ." ಹೀಗೆ ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು, ನನ್ನ ಕಣ್ಣು ತುಂಬಿತ್ತು. "ನಿಮ್ಮ ಬಾಗ್ಲು ಮಳೇಲಿ ಬಿಗೀತದಾದ್ರೆ ಈಗಲೇ ಕೀಸಿಸಿಬಿಡಿ ಸಾರ್. ನನ್ನ ಹಾಗೆ ಮಳೆ ನಿಲ್ಲಲಿ ಅಂತ ಕೂರ್ಬೇಡಿ."

ಆ ಕಡೆಯಿಂದ ಒಂದು ನಗು ಬಂದ ಹಾಗಾಯಿತು. "ನಮ್ಮ ಮನೆಯದ್ದೂ ಅದೇ ಹಣೆಬರಹ" ಎಂದರು. ಆಮೇಲೆ, "ಒಟ್ಟು ಎಷ್ಟು ಜನ ಅವರು?" ಎಂದು ಕೇಳಿದರು.

"ನಾಲ್ಕು ಜನ."

"ಮೂರು ಅಂದಿದ್ದ ಆ ಡ್ರೈವರ್."

"ಅವ ಹೆದರಿ ಮೂರು ಅಂದಿರ್ಬೇಕು. ಗಂಡ, ಹೆಂಡ್ತಿ, ಮಗು, ನಾಯಿ. ನಾಲ್ಕು."

ಅವಳು ಯಜಮಾನರ ಬಾಯಿ ನೋಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅಡ್ವಾನ್ಸ್ ಹಣ ಅವಳ ಮುಷ್ಟಿಯಲ್ಲಿ ಹಾಗೆಯೇ ಇತ್ತು.

"ಆಯ್ತು ರೈಟರೇ" ಎಂದರು ಅವರು. "ನಾಲ್ಕು ಜನಾನೂ ಬರ್ಲಿ."

ಯಜಮಾನರು ಫೋನನ್ನು ನನಗೆ ಕೊಟ್ಟು, ಏನೂ ನಡೆಯದವರಂತೆ ಹಿತ್ತಲ ಕಡೆ ಹೊರಟರು. ಇಷ್ಟು ವರ್ಷ ಅವರ ಜೊತೆ ಬಾಳಿದ್ದೇನೆ. ಹೋಗುತ್ತಿರುವ ಅವರ ಬೆನ್ನು ನೋಡಿ ಅವತ್ತಿನಷ್ಟು ಹೆಮ್ಮೆ ಎಂದೂ ಪಟ್ಟಿರಲಿಲ್ಲ. ನಾನು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, ಅವಳಿಗೆ ಕಾಣುವಂತೆ ನಿಧಾನವಾಗಿ ಹೇಳಿದೆ. "ಬನ್ನಿ ಅಂದ್ರು. ನಾಲ್ಕು ಜನಾನೂ."

ಅವಳು ಬೆರಳು ಮಡಿಸಿ ಎಣಿಸಿದಳು. ತಾನು, ಗಂಡ, ಮಗು. ನಾಲ್ಕನೆಯ ಬೆರಳನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ನಾಯಿಯ ಕಡೆ ತಿರುಗಿದಳು. ಆಮೇಲೆ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹೇಳಿ ಅಮ್ಮ" ಎಂದಳು.

ಅವಳಿಗೆ ಮೊದಲ ಸಲವೇ ತಿಳಿದಿತ್ತು. ಆದರೂ ನಾನು ಇನ್ನೊಂದು ಸಲ ಹೇಳಿದೆ.